ಕೆಂಪುಗೋಟಿಗೂ ಫಸ್ಟ್ ಪ್ರೈಜು

ಶಿರಸಿ ಅಡಿಕೆ ಟೆಂಡರಲ್ಲಿ ಬಿಳಿಗೋಟು, ಕೆಂಪುಗೋಟು, ಕೋಕಾ, ತಟ್ಟಿಬೆಟ್ಟೆ, ಬೆಟ್ಟೆ, ರಾಶಿ, ಚಾಲಿ ಅಂತ ಒಂದೊಂದಕ್ಕೂ ಒಂದೊಂದು ರೇಟು, ಕೆಂಪುಗೋಟಿಗೆ ಕಮ್ಮಿ, ಚಾಲಿಗೆ ಅದಕ್ಕಿಂತ ಜಾಸ್ತಿ. ಅಡಿಕೆಗೇ ಇಷ್ಟು ಜಾತಿ ಇರ್ಬೇಕಾದ್ರೆ ಕಾರಿಗೆ ಇರ್ಬಾರ್ದಾ ಅಂತ ನಮ್ಮ ಕಾರ್ ಕ್ಲಬ್ಬಿನ ಮೀಟಿಂಗಲ್ಲಿ ಖಜಾಂಚಿ ಎದ್ದು ಕೇಳಿದ್ದೇ ತಡ ಎಲ್ಲರೂ ಹೌದೌದು ಅಂದ್ಬಿಟ್ರು, ಅರ್ಧಕ್ಕರ್ಧ ಜನ ತೋಟಿಗರೇ ಆದ್ರೆ ಇನ್ನೆಂತ ಅಂತಾರೆ ಹೇಳಿ. ಒಂದೇ ಒಂದು ವ್ಯತ್ಯಾಸ ಯಾರಿಗೂ ಹೊಳೀಲಿಲ್ಲ. ಅಡಿಕೆ ಯಾವ ಗ್ರೇಡು ಅಂತ ಹೇಳೋದು ಮಾರ್ಕೆಟ್ಟಿನವ್ರು. ಕಾರು ಯಾವ ಕ್ಲಾಸು ಅಂತ ಹೇಳೋದು ಕಾರಿನ ಯಜಮಾನನೇ.

ಆಟೋಕ್ರಾಸ್ ಅಂದ್ರೆ ದೊಡ್ಡ ಮಂಡೆಬಿಸಿ ಏನಲ್ಲ, ಬಯಲಲ್ಲಿ ಕೋನ್ ಇಟ್ಟು ಅದರ ನಡುವೆ ಒಬ್ಬೊಬ್ರೇ ಕಾರು ಓಡಿಸೋದು, ಒಬ್ಬ ಸ್ಟಾಪ್‌ವಾಚ್ ಹಿಡ್ಕೊಂಡು ನಿಲ್ಲೋದು, ಕೋನ್ ಬೀಳಿಸಿದ್ರೆ ಟೈಮಿಗೆ ಪೆನಾಲ್ಟಿ ಸೇರಿಸೋದು. ನಮ್ಮಲ್ಲಿ ಒಂದಕ್ಕೆ ಐದು ಸೆಕೆಂಡು. ಕೋನ್ ಸಾಲದೇ ಹೋಗಿ ಕೋಲಿಗೆ ಅಡಿಕೆ ಹಾಳೆಯ ಟೊಪ್ಪಿ ಸಿಕ್ಸಿ ನೆಟ್ಟಿದ್ವಿ, ಗದ್ದೆ ತುಂಬ ಆಳುಗಳು ಕೂತಂಗೆ ಕಾಣ್ತಿತ್ತು. ಒಟ್ಟು 19 ಕಾರು, ಇಂಜಿನ್ನಿನ ಗಾತ್ರ ಅಂದ್ರೆ ಸಿಸಿ ನೋಡಿ ಆರು ಕ್ಲಾಸು. ಒಂದು ಕ್ಲಾಸಲ್ಲಿ ಕನಿಷ್ಠ ಮೂರು ಕಾರು ಇರ್ಲೇಬೇಕು, ಇಲ್ದಿದ್ರೆ ಮೇಲಿನ ಕ್ಲಾಸಿಗೆ ಸೇರಿಸೋದು ಅಂತ ರೂಲ್ಸು. ರೂಲ್ಸು ಒಳ್ಳೇದೇ, ಬೆಳಿಗ್ಗೆ ಹತ್ತು ಗಂಟೆವರೆಗೂ ಬದುಕಿತ್ತು.

ಈ ಸಿಸಿ ಲೆಕ್ಕದಲ್ಲಿ ಒಂದು ತಮಾಷೆ ಉಂಟು. ನಾಲ್ಕು ಮೀಟರಿಗಿಂತ ಉದ್ದ ಇಲ್ಲದೆ ಪೆಟ್ರೋಲ್ ಇಂಜಿನ್ 1200 ಸಿಸಿ ದಾಟದಿದ್ರೆ ತೆರಿಗೆ ಕಮ್ಮಿ ಅಂತ ಸರ್ಕಾರವೇ ಒಂದು ಕ್ಲಾಸು ಮಾಡಿಟ್ಟಿದೆ, ಅದಕ್ಕೇ ನೋಡಿ ಕಂಪನಿಯೋರು 1197, 1199 ಅಂತ ಗೆರೆ ಮುಟ್ಟದಂಗೆ ನಿಲ್ಸಿರೋದು. ಅಷ್ಟೊಂದು ಬುದ್ಧಿ ನಮ್ಮ ಖಜಾಂಚಿಗೂ ಇದೆ. ಅವನ ಹೊಸ ಕಾರು 998 ಸಿಸಿ ಟರ್ಬೋ, ಅಂದ್ರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬೋದು, ಪವರ್ರು ನೂರು ಕುದುರೆ ಹತ್ತಿರ. ಪುಸ್ತಕದ ಪ್ರಕಾರ 1000 ಸಿಸಿ ಒಳಗೆ, ಹಂಗಾಗಿ ಸಣ್ಣ ಕಾರು. ಅದೇ ಕ್ಲಾಸಲ್ಲಿ ನಂದು ಕೆಎ-31ರ ಹಳೇ ಮಾರುತಿ 800, ಅಂದ್ರೆ 796 ಸಿಸಿ, 40 ಕುದುರೆನೂ ಇಲ್ಲ, ಇರೋದ್ರಲ್ಲೂ ನಾಲ್ಕೈದು ಕುಂಟು. ಅಂತರರಾಷ್ಟ್ರೀಯ ರೇಸಲ್ಲಿ ಟರ್ಬೋ ಪೆಟ್ರೋಲ್ ಇಂಜಿನ್ನಿನ ಸಿಸಿಗೆ 1.7 ಗುಣಿಸಿ ಕ್ಲಾಸ್ ಹಾಕ್ತಿದ್ರು, ಆ ಲೆಕ್ಕದಲ್ಲಿ ನಿಂದು 1697 ಸಿಸಿ ಆಗ್ತದಲ್ಲೋ ಅಂದೆ. ಅದೆಲ್ಲ ಹೊರದೇಶಕ್ಕೆ ಮಾರಾಯ, ನಮ್ಮ ಮಲೆನಾಡಿನ ಥಂಡಿಗೆ ಟರ್ಬೋ ಅಷ್ಟು ಎಳೆಯೋದಿಲ್ಲ ಅಂದ.

ಆದ್ರೂ ಕ್ಲಾಸಿಗೆ ಒಂದು ಕಾರು ಕಮ್ಮಿ ಬಿತ್ತು. ಖಜಾಂಚಿ ಫೋನ್ ಮಾಡಿ ಮಾವನ್ನ ಕರೆಸ್ದ. ಮಾವಂದು ಓಮ್ನಿ, ಅದೂ 796 ಸಿಸಿ, ಹಿಂದಿನ ಸೀಟಲ್ಲಿ ಹಿಂಡಿ ಚೀಲ ಹಂಗೇ ಇತ್ತು. "ಮಾವ, ನೀವು ಸುಮ್ನೆ ಒಂದು ರೌಂಡ್ ಹಾಕಿ ಸಾಕು, ಲೆಕ್ಕಕ್ಕೆ."

ಮಾವ ಲೆಕ್ಕಕ್ಕೇ ಹಾಕಿದ್ರು. ಎಲೆಅಡಿಕೆ ಕವಳ ಬಾಯಲ್ಲಿಟ್ಕೊಂಡು, ತೋಟದ ಅಗಳ ಪಕ್ಕ ಗಾಡಿ ತಿರುಗಿಸಿ ಅಭ್ಯಾಸ ಇದ್ದವರು, ಒಂದು ಟೊಪ್ಪಿನೂ ಅಲುಗದಂಗೆ 66 ಸೆಕೆಂಡಿಗೆ ಬಂದು ನಿಂತ್ರು. ಅಳಿಯ 48 ಸೆಕೆಂಡಿಗೆ ಧೂಳೆಬ್ಬಿಸ್ಕೊಂಡು ಬಂದ, ಅವನ ಹಿಂದೆ ನಾಲ್ಕು ಟೊಪ್ಪಿ ಮಲಗಿದ್ವು. 48ಕ್ಕೆ 20 ಸೇರಿಸಿ 68. ನನ್ನ ಟೈಮ್ ಕೇಳ್ಬೇಡಿ, ಮೂರನೇ ತಿರುವಲ್ಲಿ ದಾರಿ ತಪ್ಪಿ ಬಣವೆ ಹತ್ರ ಹೋಗಿದ್ದೆ.

ಆಮೇಲೆ ಶುರುವಾಯ್ತು ನೋಡಿ ನ್ಯಾಯ. ಹತ್ತು ನಿಮಿಷದಲ್ಲಿ ಟರ್ಬೋಗೆ ಬೇರೆ ಕ್ಲಾಸ್ ಹುಟ್ಟಿತು, ಮೂರು ಕಾರಿನ ರೂಲ್ಸು ತಾತ್ಕಾಲಿಕವಾಗಿ ಅಮಾನತು. ಒಬ್ಬನಿಗೆ ಕೊಟ್ಟ ಮೇಲೆ ಉಳಿದವರು ಬಿಡ್ತಾರಾ? ಕುಮಟಾದವ ಬಂದು ನಾನು ದೇವಿಮನೆ ಘಟ್ಟ ಹತ್ತಿ ಬಂದವ, ಕ್ಲಚ್ ಅಲ್ಲೇ ಅರ್ಧ ಸುಟ್ಟಿದೆ ಅಂದ, ಅವನಿಗೆ ಘಟ್ಟ ಹತ್ತಿ ಬಂದವರ ಕ್ಲಾಸು. ಕಾರವಾರದ ಕೆಎ-30ದವ ಸಮುದ್ರದ ಉಪ್ಪುಗಾಳಿಗೆ ಸೈಲೆನ್ಸರ್ ತೂತಾಗಿದೆ ಅಂದ, ಅವನಿಗೆ ಕರಾವಳಿ ಕ್ಲಾಸು. ಹೆಂಡ್ತಿ ಕಾರು ತಂದವರಿಗೆ ಒಂದು, ಸಾಲದ ಕಂತು ಮುಗೀದವರಿಗೆ ಇನ್ನೊಂದು. ಇಷ್ಟೆಲ್ಲ ತೊಂದ್ರೆ ಬೇಡ, ಮುಂದಿನ ಸಲ ಟಿಎಸ್‌ಡಿ ರ‍್ಯಾಲಿ ಮಾಡಿ, ಹೇಳಿದ ಸ್ಪೀಡಲ್ಲಿ ಹೇಳಿದ ಟೈಮಿಗೆ ಸರಿಯಾಗಿ ಮುಟ್ಟೋದು, ಬೇಗ ಹೋದ್ರೂ ಪೆನಾಲ್ಟಿ ತಡ ಆದ್ರೂ ಪೆನಾಲ್ಟಿ, ಓಮ್ನಿಗೂ ಟರ್ಬೋಗೂ ಒಂದೇ ಅಂತ ಒಬ್ಬ ಪಾಪದವ ಹೇಳ್ದ. ಹಂಗಾದ್ರೆ ಯಾರು ಬೇಕಾದ್ರೂ ಗೆದ್ಬಿಡ್ತಾರಲ್ಲ ಅಂತ ಕಮಿಟಿಗೆ ಗಾಬರಿಯಾಯ್ತು.

ಸಂಜೆ ಹೊತ್ತಿಗೆ 19 ಕಾರಿಗೆ 17 ಕ್ಲಾಸು. ಹದಿನೇಳು ಫಸ್ಟು, ಎರಡು ಸೆಕೆಂಡು. ತಂದ ಕಪ್ಪು ಮಾತ್ರ ಆರು ಕ್ಲಾಸಿನ ಲೆಕ್ಕದ 18, ಅದ್ರಲ್ಲಿ ಪ್ರಥಮ ಅಂತ ಬರೆದಿದ್ದು ಆರೇ. ಉಳಿದ ದ್ವಿತೀಯ, ತೃತೀಯದ ಮೇಲೆ ಸ್ಟಿಕರ್ ಅಂಟಿಸಿ ಮಾರ್ಕರಲ್ಲಿ ಪ್ರಥಮ ಅಂತ ಬರೆದ್ರು. ಮುಖ್ಯ ಅತಿಥಿಗಳು ಇಷ್ಟೊಂದು ಪ್ರತಿಭೆ ಒಂದೇ ತಾಲೂಕಲ್ಲಿ ಅಂತ ಭಾವುಕರಾದ್ರು. ನನಗೆ ದಾರಿ ತಪ್ಪಿದವರ ವಿಭಾಗದಲ್ಲಿ ಪ್ರಥಮ, ನಾನೊಬ್ಬನೇ. ಕಪ್ಪು ಸಾಲದೇ ಬಂದಿದ್ದೂ ನನಗೇ, ಆಮೇಲೆ ಕೊಡ್ತೇವೆ ಅಂದ್ರು, ಇನ್ನೂ ಆ ಆಮೇಲೆ ಬಂದಿಲ್ಲ.

ಮೊನ್ನೆ ಖಜಾಂಚಿ ಮಾವನ ಮನೆ ಬದಿ ಹೋಗಿದ್ದೆ. ಜಗಲಿ ಮೇಲೆ ಅವರ ಕಪ್ಪು, ಸ್ಟಿಕರ್ ಉದುರಿ ತೃತೀಯ ಅಂತ ಕಾಣ್ತಿತ್ತು, ಒಳಗೆ ಅಡಿಕೆ ಹೋಳು, ಪಕ್ಕದಲ್ಲಿ ಎಲೆ, ಸುಣ್ಣ. ನಾನು ಕಪ್ಪನ್ನೇ ನೋಡ್ತಿದ್ದೆ, ಅವರು ಅದನ್ನ ನನ್ನ ಕಡೆ ದೂಡಿ,

"ತಗ ತಮಾ, ಕವಳ ಹಾಕು. ಒಳಗಿರದು ಚಾಲಿನೇಯ."