ಎರಡು ಹನಿ, ಒಂದು ತಾಜ್‌ಮಹಲ್
ಹೊರದೇಶದ ರೋಟರಿ ಸೇವಾ ಸಂಸ್ಥೆಯ ಸದಸ್ಯರು ದೆಹಲಿಗೆ ಬಂದು ಮಕ್ಕಳಿಗೆ ಪೋಲಿಯೊ ಹನಿ ಹಾಕಿದ್ದು, ಆಮೇಲೆ ತಾಜ್‌ಮಹಲ್ ನೋಡಿದ್ದು ಒಂದು ಲೇಖನದಲ್ಲಿ ಓದಿದೆ. 'ಸೇವೆ ಬರೀ ನೆಪ, ಬಂದಿದ್ದು ಟೂರ್‌ಗೆ' ಅಂತ ಆ ಲೇಖನಕ್ಕೆ ಒಬ್ಬರು ಕಾಮೆಂಟ್ ಬರೆದಿದ್ದಾರೆ. ಸ್ವಲ್ಪ ಜಾಸ್ತಿಯಾಯ್ತು. ಅಷ್ಟು ದೂರ ಬಂದವರು ಆಗ್ರಾ ನೋಡದೆ ಹೋಗ್ತಾರಾ?

ದೆಹಲಿಯಲ್ಲಿದ್ದಾಗ ನಾನೂ ಒಂದು ಭಾನುವಾರ ಇಂಥ ತಂಡದ ಜೊತೆ ಪೋಲಿಯೊ ಬೂತ್‌ನಲ್ಲಿ ಕೂತಿದ್ದೆ. ಐಸ್ ತುಂಬಿದ ಡಬ್ಬಿ, ಪುಟ್ಟ ಬಾಟಲಿ, ಮಗುವಿಗೆ ಎರಡೇ ಹನಿ. ಎಡಗೈ ಕಿರುಬೆರಳಿಗೆ ಮಾರ್ಕರ್ ಗುರುತು. ತಂಡದ ಅಜ್ಜಿಯೊಬ್ಬರು ಹನಿ ಹಾಕಲು ಹೋದರೆ ಮಗು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತು. ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆ ಎರಡೂ ಕೆನ್ನೆ ಮೆಲ್ಲಗೆ ಒತ್ತಿದರು. ಬಾಯಿ ತೆರೆಯಿತು, ಕೆಲಸ ಮುಗೀತು!

ಫೋಟೊ ಮಾತ್ರ ಅಜ್ಜಿಯದ್ದೇ. ಮರುದಿನ ಅತಿಥಿಗಳು ಬಸ್ ಹತ್ತಿದರು. ಆ ಆಶಾ ಕಾರ್ಯಕರ್ತೆ ಬೂತ್‌ಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮನೆ ಮನೆ ಅಲೆದು, ಬಾಗಿಲ ಬಳಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು.

ದೇಶದ ಕೊನೆಯ ವೈಲ್ಡ್ ಪೋಲಿಯೊ (ಲಸಿಕೆಯಿಂದಲ್ಲದೆ ಸಹಜ ವೈರಸ್‌ನಿಂದ ಬರುವ ಪೋಲಿಯೊ) ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಅದರಲ್ಲಿ ರೋಟರಿಯ ಪಾಲು ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಲೇಖನದಲ್ಲಿ ತಾಜ್‌ಗೆ ಅಷ್ಟು ಜಾಗ ಇದೆ, ಮನೆ ಮನೆ ತಿರುಗಿದ ಈ ಹೆಂಗಸರಿಗೆ ಒಂದು ಸಾಲಾದರೂ ಬೇಡ್ವಾ?