ಏನೂ ಮಾಡಲ್ಲ ಬನ್ನಿ

ಕಾರು ಹೋದರೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚುವ ಬೀದಿ ನಾಯಿ, ಸೈಕಲ್ ಕಂಡರೆ ಮಾತ್ರ ಮೈಕೊಡವಿ ಎದ್ದು ನಿಲ್ಲುತ್ತದೆ. ಇದರಲ್ಲಿ ಹಳೇ ದ್ವೇಷವೇನೂ ಇಲ್ಲ. ಕಾರು, ಸ್ಕೂಟರುಗಳು ದೂರದಿಂದಲೇ ಸದ್ದು ಮಾಡಿಕೊಂಡು ಬರುತ್ತವೆ. ಸೈಕಲ್ ಬರುವುದು ಕಳ್ಳನ ಹಾಗೆ. ಮನುಷ್ಯನ ವಾಸನೆಯಿದೆ, ಆದರೆ ನಡಿಗೆ ಮನುಷ್ಯನದಲ್ಲ. ಎರಡು ಕಾಲು ಸರಿಯಾಗಿ ನಾಯಿಯ ಮೂತಿಯ ಎತ್ತರದಲ್ಲಿ ಮೇಲೆ ಕೆಳಗೆ ಆಡುತ್ತಿವೆ. ಬೊಗಳಿದರೆ ಆ ಪ್ರಾಣಿ ಓಟ ಕೀಳುತ್ತದೆ. ಓಡುವುದನ್ನು ಅಟ್ಟುವುದು ನಾಯಿಯ ಕುಲಕಸುಬು. ಅದರ ಲೆಕ್ಕದಲ್ಲಿ ಈ ಕಸುಬು ಒಂದು ದಿನವೂ ಕೈಕೊಟ್ಟಿಲ್ಲ: ಪ್ರತಿ ಬೆಳಿಗ್ಗೆ ಬೊಗಳಿದೆ, ಪ್ರತಿ ಬೆಳಿಗ್ಗೆ ಸೈಕಲ್ ಊರು ಬಿಟ್ಟು ಹೋಗಿದೆ. ಹೇಗಿದ್ದರೂ ಹೋಗುವವನೇ ಇದ್ದ ಎಂದು ಅದಕ್ಕೆ ಯಾರು ಹೇಳಬೇಕು?

ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದವರು ಸೈಕಲ್ ಮೇಲೆ ಕೂತು ಅಂದಿರಲಿಕ್ಕಿಲ್ಲ. ಆದರೂ ನಾಯಿಯ ವ್ಯವಹಾರದಲ್ಲಿ ಒಂದು ಕಟ್ಟುನಿಟ್ಟಿದೆ, ಅದನ್ನು ಮೆಚ್ಚಲೇಬೇಕು. ಅದಕ್ಕೊಂದು ಸರಹದ್ದು ಇರುತ್ತದೆ. ಈ ಟ್ರಾನ್ಸ್‌ಫಾರ್ಮರ್‌ನಿಂದ ಆ ಕೋಳಿ ಅಂಗಡಿವರೆಗೆ, ಹೆಚ್ಚೆಂದರೆ ಐವತ್ತು ನೂರು ಮೀಟರ್. ಅದರಾಚೆ ಪಕ್ಕದ ಗುಂಪಿನ ಆಡಳಿತ. ಗಡಿ ಮುಟ್ಟಿದ ಕೂಡಲೇ ಅದೇ ನಾಯಿ ಏನೂ ಆಗಿಲ್ಲವೆಂಬಂತೆ ತಿರುಗಿ ಹೋಗಿ ಮರಳುಗುಡ್ಡೆಯ ಮೇಲೆ ಮಲಗುತ್ತದೆ. ಸರಹದ್ದು ದಾಟುವ ತನಕ ಬೀಳದೆ ಇರುವುದಷ್ಟೇ ಸೈಕಲ್ ಸವಾರನ ಕೆಲಸ.

ಹಾಗಾದರೆ ಜೋರಾಗಿ ತುಳಿದು ದಾಟಿಬಿಟ್ಟರಾಯಿತಲ್ಲ? ಲೆಕ್ಕ ಕೂಡುವುದಿಲ್ಲ. ಸಾಮಾನ್ಯ ಸವಾರ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 15ರಿಂದ 20 ಕಿ.ಮೀ. ಹೋಗುತ್ತಾನೆ, ಆರೋಗ್ಯವಾಗಿರುವ ನಾಯಿ ಸ್ವಲ್ಪ ದೂರಕ್ಕಾದರೆ 30 ದಾಟಿ ಓಡುತ್ತದೆ. ರಸ್ತೆ ಇಳಿಜಾರಾಗಿದ್ದು, ನಾಯಿ ನಮ್ಮ ಹಿಂದಿನಿಂದ ಹೊರಟಿದ್ದರೆ ಮಾತ್ರ ಈ ಉಪಾಯಕ್ಕೆ ಅರ್ಥ. ಮುಂದಿನಿಂದ ಓರೆಯಾಗಿ ಬರುವ ನಾಯಿಯ ಮುಂದೆ ವೇಗ ಹೆಚ್ಚಿಸುವುದೆಂದರೆ ನಾವೇ ಹೋಗಿ ಗುದ್ದಿದಂತೆ. ಮುಧೋಳ, ಬಾಗಲಕೋಟೆ ಕಡೆಯ ಹೊಲದ ದಾರಿಯಲ್ಲಂತೂ ಈ ಯೋಚನೆಯನ್ನೇ ಬಿಡಬೇಕು. ಬೇಟೆಗೆಂದೇ ತಲೆಮಾರುಗಳಿಂದ ಸಾಕಿಕೊಂಡು ಬಂದ, 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡ ಆ ಉದ್ದಕಾಲಿನ ಮುಧೋಳ ತಳಿಯ ಜೊತೆ ಓಟಕ್ಕೆ ನಿಂತು ಗೆದ್ದ ಮೊಲಗಳೇ ಕಡಿಮೆ.

ಕಡಿತಕ್ಕಿಂತ ದೊಡ್ಡ ಅಪಾಯ ಬೀಳುವುದು. ನಾಯಿ ಮುಂದಿನ ಚಕ್ರಕ್ಕೆ ಅಡ್ಡ ಬಂದರೆ ಹ್ಯಾಂಡಲ್ ತಿರುಚಿಕೊಳ್ಳುತ್ತದೆ, ಸವಾರ ಹೆಗಲ ಮೇಲೆ ಬೀಳುತ್ತಾನೆ. ಗಾಬರಿಯಲ್ಲಿ ಮುಂದಿನ ಬ್ರೇಕನ್ನಷ್ಟೇ ಗಟ್ಟಿಯಾಗಿ ಹಿಡಿದರೂ ಫಲ ಅದೇ. ಒದೆಯಲು ಕಾಲೆತ್ತಿದರೆ ಉಳಿದಿದ್ದ ಸಮತೋಲವೂ ಹೋಯಿತು. ಕತ್ತು ತಿರುಗಿಸಿ ಹಿಂದೆ ನೋಡಿದರೆ ಸೈಕಲ್ಲೂ ಅತ್ತಲೇ ವಾಲುತ್ತದೆ. ಅತ್ತ ಬರುತ್ತಿರುವ ಟೆಂಪೋಗೆ ನಾಯಿಯ ವಿಚಾರ ಗೊತ್ತಿರುವುದಿಲ್ಲ.

ಆದ್ದರಿಂದ ನಾಯಿ ಏಳುವ ಮೊದಲೇ ಕೆಲಸ ಶುರುವಾಗಬೇಕು. ನಿಂತ ಕಾರುಗಳ ಅಡಿ, ಕಸದ ರಾಶಿ, ಮಾಂಸದಂಗಡಿಯ ಮೆಟ್ಟಿಲು, ಮುಚ್ಚಿದ ಚಹಾ ಅಂಗಡಿಯ ಬೂದಿ, ಇವು ಬೆಳಗಿನ ಜಾವ ಕಣ್ಣಾಡಿಸಬೇಕಾದ ಜಾಗಗಳು. ನಾಯಿ ಮಲಗಿದ್ದರೆ ಪೆಡಲನ್ನು ಹಗುರಾಗಿ ತುಳಿಯುತ್ತಲೇ ಇರಿ. ತುಳಿತ ನಿಲ್ಲಿಸಿದರೆ ಹಿಂಚಕ್ರದ ಫ್ರೀವೀಲ್ ಟಿಕಟಿಕ ಶುರುಮಾಡುತ್ತದೆ. ದುಬಾರಿ ಸೈಕಲ್ಲಾದಷ್ಟೂ ಆ ಸದ್ದು ಜೋರು. ಅದೇ ನಾಯಿ ಎದ್ದು ಹೊರಟಿತೋ, ಆಗ ತದ್ವಿರುದ್ಧ: ಕಾಲು ನಿಲ್ಲಿಸಿ, ಎರಡು ಪೆಡಲೂ ಒಂದೇ ಮಟ್ಟಕ್ಕೆ ಬರಲಿ, ವೇಗ ಹತ್ತು ಹನ್ನೆರಡಕ್ಕೆ ಇಳಿಯಲಿ, ಬೆರಳು ಎರಡೂ ಬ್ರೇಕಿನ ಮೇಲಿರಲಿ. ಪೆಡಲಿಗೆ ಸಿಕ್ಕಿಸುವ ಷೂ ಹಾಕಿದವರು ಹಿಮ್ಮಡಿಯನ್ನು ಹೊರಗೆ ತಿರುಗಿಸಿ ಒಂದು ಕಾಲನ್ನು ಮೊದಲೇ ಬಿಡಿಸಿಕೊಳ್ಳುವುದು ವಾಸಿ. ಆಡುವ ಕಾಲು ಕಾಣದಿದ್ದರೆ ಅರ್ಧಕ್ಕರ್ಧ ನಾಯಿಗಳಿಗೆ ಅಲ್ಲೇ ಆಸಕ್ತಿ ಇಳಿದುಹೋಗುತ್ತದೆ. ‘ಹಚಾ’ ಎಂದು ಒಮ್ಮೆ, ಗಟ್ಟಿಯಾಗಿ, ಹೊಟ್ಟೆಯಿಂದ ಹೇಳಬೇಕು. ಕೀರಲು ದನಿಯಲ್ಲಿ ಹತ್ತು ಸಲ ಹೇಳಿದರೆ ಅದು ಆಟಕ್ಕೆ ಕರೆದಂತೆ ಕೇಳಿಸುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಇಳಿಯುವುದೇ ಸರಿ. ನಾಯಿ ಎಡಕ್ಕಿದ್ದರೆ ಬಲಕ್ಕೆ ಇಳಿಯಿರಿ, ಸೈಕಲ್ ಮಧ್ಯೆ ಬೇಲಿಯಾಗಲಿ. ಹ್ಯಾಂಡಲ್ ಹಿಡಿದು, ಬೆನ್ನು ತೋರಿಸದೆ, ನಿಧಾನ ನಡೆಯಿರಿ. ಎರಡು ಮೂರು ನಾಯಿಗಳಿದ್ದರೆ ಬೆನ್ನನ್ನು ಕಾಂಪೌಂಡ್ ಗೋಡೆಗೆ ಕೊಡಿ. ಮುಂದಿನದು ಬೊಗಳುತ್ತಿರುವಾಗ ಸದ್ದಿಲ್ಲದೆ ಹಿಂದಕ್ಕೆ ಸುತ್ತುವುದು ಅವುಗಳ ಪದ್ಧತಿ. ಬಗ್ಗಿ ಕಲ್ಲು ಹೆಕ್ಕುವಂತೆ ಮಾಡಿದರೆ ನಮ್ಮ ದೇಶದ ನಾಯಿಗಳಿಗೆ ಕೂಡಲೇ ಅರ್ಥವಾಗುತ್ತದೆ. ಹೆಕ್ಕುವಂತೆ ಮಾಡಿದರೆ ಸಾಕು, ಎಸೆಯಬೇಡಿ. ಕಲ್ಲೇಟು ತಿಂದ ನಾಯಿ ಎಸೆದವನ ಮುಖ ಮರೆತು ಸೈಕಲ್ಲನ್ನು ನೆನಪಿಟ್ಟುಕೊಳ್ಳುತ್ತದೆ, ನಾಳೆ ಶಾಲೆಗೆ ಹೋಗುವ ಹುಡುಗಿಯ ಮೇಲೆ ತೀರಿಸಿಕೊಳ್ಳುತ್ತದೆ. ನಾಯಿ ತಣ್ಣಗಾದ ಕೂಡಲೇ ಹತ್ತಿ ತುಳಿಯುವುದೂ ಬೇಡ, ಅಟ್ಟುವಾಟ ಮೊದಲಿಂದ ಶುರುವಾಗುತ್ತದೆ. ಇನ್ನೂ ಮೂವತ್ತು ಹೆಜ್ಜೆ ನಡೆದು ಆಮೇಲೆ ಹತ್ತಿ.

ನೀರಿನ ಬಾಟಲಿ ಒಳ್ಳೆಯ ಆಯುಧ, ಒತ್ತಿದರೆ ಚಿಮ್ಮುವಂಥದ್ದಾಗಿದ್ದರೆ. ಎರಡು ಮೂರು ಮೀಟರ್ ಹತ್ತಿರ ಬಂದಾಗ ಮೂತಿಗೆ ಒಂದು ಚಿಮ್ಮು. ನಾಯಿ ಪೆಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯಕ್ಕೆ ನಿಲ್ಲುತ್ತದೆ. ಹಿಂದಿನ ಬ್ರೇಕ್ ಯಾವ ಕೈಯಲ್ಲಿದೆಯೋ ಆ ಕೈ ಹ್ಯಾಂಡಲ್ ಬಿಡಬಾರದು, ಬಾಟಲಿ ಇನ್ನೊಂದು ಕೈಗೆ. ಖಾರದ ಸ್ಪ್ರೇ ಇಟ್ಟುಕೊಳ್ಳುವವರೂ ಇದ್ದಾರೆ. ಚಲಿಸುವ ಸೈಕಲ್ ಮೇಲಿಂದ ಮುಂದಕ್ಕೆ ಸಿಂಪಡಿಸಿದ ಖಾರ ಯಾರ ಕಣ್ಣಿಗೆ ಬರುತ್ತದೆ ಎಂಬುದನ್ನು ಅವರು ಒಂದೇ ಸಲಕ್ಕೆ ಕಲಿಯುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೈಕಲ್ ಸವಾರರು ನಾಯಿಗಳಿಂದ ತಪ್ಪಿಸಿಕೊಳ್ಳಲೆಂದೇ ‘ವೆಲೋ-ಡಾಗ್’ ಎಂಬ ಪುಟ್ಟ ಜೇಬು ರಿವಾಲ್ವರ್ ಮಾಡಿದ್ದರು. ಅದಕ್ಕೆ ಖಾರದ ಪುಡಿ ತುಂಬಿದ ತೋಟಾಗಳೂ ಸಿಗುತ್ತಿದ್ದವಂತೆ. ಓಡುವ ಸೈಕಲ್ ಮೇಲೆ ಒಂಟಿ ಕೈಯಲ್ಲಿ ಗುರಿ ಹಿಡಿದವರಿಂದ ನಾಯಿಗಿಂತ ಬೀದಿಯ ಜನರಿಗೇ ಹೆಚ್ಚು ಭಯವಿದ್ದಿರಬೇಕು.

ಬಿಸ್ಕತ್ತಿನ ಪಕ್ಷದವರೂ ಉಂಟು. ದಿನಾ ಒಂದೇ ದಾರಿಯಲ್ಲಿ ಹೋಗುವವರಿಗೆ ಇದು ಕೆಲಸ ಮಾಡುತ್ತದೆ, ಒಂದು ವಾರದಲ್ಲಿ ಶತ್ರು ನೆಂಟನಾಗುತ್ತಾನೆ. ತೊಂದರೆಯೆಂದರೆ ನೆಂಟನೂ ಓಡಿಯೇ ಬರುತ್ತಾನೆ. ಬಾಲ ಅಲ್ಲಾಡಿಸಿಕೊಂಡು ಮುಂದಿನ ಚಕ್ರಕ್ಕೆ ನುಗ್ಗುವ ನಾಯಿಗೂ, ಹಲ್ಲು ಕಿರಿದು ನುಗ್ಗುವ ನಾಯಿಗೂ ಬೀಳುವ ಮಟ್ಟಿಗೆ ವ್ಯತ್ಯಾಸವಿಲ್ಲ. ಹಾಕುವುದಿದ್ದರೆ ನಿಂತು, ಇಳಿದು, ರಸ್ತೆಯ ಅಂಚಿನಾಚೆ ಹಾಕಿ. ನಿಮ್ಮ ಹಿಂದೆ ಬರುವ ಸವಾರನ ಜೇಬಲ್ಲಿ ಬಿಸ್ಕತ್ತಿಲ್ಲ ಎಂಬುದು ನಾಯಿಗೆ ಗೊತ್ತಿರುವುದಿಲ್ಲ. ಗುಂಪಿನಲ್ಲಿ ಹೋಗುವಾಗಲೂ ಪೆಟ್ಟು ಹಿಂದಿನವನಿಗೇ: ಮೊದಲ ಸೈಕಲ್ ನಾಯಿಯನ್ನು ಎಬ್ಬಿಸುತ್ತದೆ, ಎರಡನೆಯದು ಸಿಟ್ಟೆಬ್ಬಿಸುತ್ತದೆ, ಕೊನೆಯವನು ಸಿಕ್ಕಿಹಾಕಿಕೊಳ್ಳುತ್ತಾನೆ. ನಂದಿ ಬೆಟ್ಟಕ್ಕೆ ನಸುಕಿನಲ್ಲಿ ಹೊರಡುವ ತಂಡಗಳಲ್ಲಿ ಅನುಭವಸ್ಥರು ಮುಂದೆಯೇ ಇರುವುದಕ್ಕೆ ಕಾರಣ ಬರೀ ದಮ್ಮು ಇರಲಿಕ್ಕಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ನಾಯಿಗಳು ಬೆದೆಗೆ ಬಂದು ಗುಂಪುಗುಂಪಾಗಿ ತಿರುಗುತ್ತವೆ. ಅಲ್ಲಿಂದ ಎರಡು ತಿಂಗಳಿಗೆ ಚಳಿಯಲ್ಲಿ ಮರಿ. ಮರಿಯಿರುವ ತಾಯಿಯ ಬೀದಿಯನ್ನು ಒಂದೂವರೆ ತಿಂಗಳು ಬಿಟ್ಟು ಪಕ್ಕದ ಬೀದಿಯಲ್ಲಿ ಹೋಗುವುದೇ ಜಾಣತನ. ಅಲ್ಲಿ ‘ಹಚಾ’ ನಡೆಯುವುದಿಲ್ಲ.

ಇನ್ನು ಒಡೆಯರು. ಇವರಿಗೆ ಸರಹದ್ದಿಲ್ಲ, ಇವರ ನಡೆ ಮೊದಲೇ ತಿಳಿಯುವುದಿಲ್ಲ. ಇರುವುದು ಒಂದು ಅಭಯವಚನ. ಬೆಂಗಳೂರಿನ ಪಾರ್ಕಿನ ಪಕ್ಕ ಅದು “ಏನೂ ಮಾಡಲ್ಲ ಬನ್ನಿ”. ಧಾರವಾಡದಲ್ಲಿ “ಏನೂ ಮಾಡಂಗಿಲ್ರೀ ಅದು, ಬರ್ರಿ”. ಮಂಗಳೂರಿನ ಕಡೆ “ಅದು ಎಂತ ಮಾಡುದಿಲ್ಲ ಮಾರಾಯ್ರೆ”. ಮಲೆನಾಡಿನಲ್ಲಿ ಈ ಮಾತು ಮನೆಯ ಜಗಲಿಯಿಂದಲೇ ಬರುತ್ತದೆ. ಹಂದಿ, ಮಂಗನಿಂದ ತೋಟ ಕಾಯಲು ಸಾಕಿದ ಎರಡು ನಾಯಿಗಳು ಅಷ್ಟರಲ್ಲಿ ದಣಪೆ ಹಾರಿ ರಸ್ತೆಗೆ ಬಂದಾಗಿರುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಅದು ಯಾವತ್ತೂ ಏನೂ ಮಾಡಿಲ್ಲ. ಅವರು ಅದರ ಮುಂದೆ ಸೈಕಲ್ ತುಳಿದಿಲ್ಲ ಅಷ್ಟೇ.

ಬಿಚ್ಚಿಬಿಟ್ಟ ನಾಯಿಗಿಂತ ಒಮ್ಮೊಮ್ಮೆ ಕಟ್ಟಿದ ನಾಯಿಯೇ ಹೆಚ್ಚು ತೊಂದರೆ. ಗುಂಡಿ ಒತ್ತಿದರೆ ಐದು ಮೀಟರ್ ಉದ್ದ ಬಿಚ್ಚಿಕೊಳ್ಳುವ ಸಣ್ಣ ಹುರಿಯ ಹಗ್ಗಗಳು ಬಂದಿವೆಯಲ್ಲ, ಅದರ ಒಂದು ತುದಿಯಲ್ಲಿ ರಸ್ತೆಯ ಎಡಕ್ಕೆ ಫೋನ್ ನೋಡುತ್ತಿರುವ ಯಜಮಾನರು, ಇನ್ನೊಂದು ತುದಿಯಲ್ಲಿ ಬಲಗಡೆಯ ಕಂಬ ಮೂಸುತ್ತಿರುವ ನಾಯಿ. ಮಸುಕು ಬೆಳಕಿನಲ್ಲಿ ಆ ಹುರಿ ಕಾಣುವುದೇ ಇಲ್ಲ. ಎದುರುಬದುರು ನಿಂತ ನಾಯಿಗೂ ಮನುಷ್ಯನಿಗೂ ನಡುವೆ ಎಂದೂ ನುಗ್ಗಬಾರದು, ಹಗ್ಗ ಕಾಣದಿದ್ದರೂ ಇದೆ ಎಂದೇ ತಿಳಿಯಬೇಕು. ಜಾಗವಿದ್ದರೆ ಒಡೆಯರ ಬೆನ್ನ ಹಿಂದಿನಿಂದ ದಾಟಿ, ಇಲ್ಲವೇ ನಿಲ್ಲಿ.

ಹಗ್ಗವೇ ಇಲ್ಲದಾಗ ನಡೆಯುವುದನ್ನು ಗಮನಿಸಿ. ನಾಯಿ ಬಲಗಡೆ ತನ್ನ ಪಾಡಿಗೆ ಹುಲ್ಲು ಮೂಸುತ್ತಿದೆ. ಸೈಕಲ್ ಕಂಡ ಯಜಮಾನರಿಗೆ ಜವಾಬ್ದಾರಿ ನೆನಪಾಗಿ, ಎಡಗಡೆಯಿಂದ “ಬ್ರೂನೋ, ಕಮ್!” ಎನ್ನುತ್ತಾರೆ. ಮನೆಮಾತು ಯಾವುದೇ ಇರಲಿ, ನಾಯಿಗೆ ಇಂಗ್ಲಿಷೇ. ಬ್ರೂನೋ ವಿಧೇಯ. ಕರೆದ ಕ್ಷಣ ನೇರ ಗೆರೆಯಲ್ಲಿ ಓಡಿಬರುತ್ತಾನೆ, ಆ ಗೆರೆ ನಮ್ಮ ಮುಂದಿನ ಚಕ್ರದ ಮೇಲೇ ಹಾದುಹೋಗುತ್ತದೆ. ಕರೆಯದಿದ್ದರೆ ಎಲ್ಲರೂ ಕ್ಷೇಮ. ಆದ್ದರಿಂದ ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲೇ ಬೆಲ್ ಹೊಡೆದು, “ಸಾರ್, ಕರೀಬೇಡಿ, ನೀವೇ ಹೋಗಿ ಹಿಡ್ಕೊಳ್ಳಿ” ಎನ್ನುವುದು ಒಳ್ಳೆಯದು. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಬೆಲ್ಲಿನಿಂದ ಏನೂ ಆಗದು. ಆಗ ಇಳಿದು ನಡೆಯಬೇಕು, ಬೇಸರವಾದರೂ.

ಜಗಳವನ್ನು ಸೈಕಲ್ ಮೇಲಿಂದ ಮಾಡಬಾರದು. ನಾವು ದನಿ ಎತ್ತಿದರೆ ನಾಯಿ ಯಾರ ಪರ ನಿಲ್ಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಇಳಿದು, ಉಸಿರು ಸರಿಮಾಡಿಕೊಂಡು, “ಏನ್ ಹೆಸರು ಇವನದ್ದು?” ಎಂದು ಕೇಳಿದರೆ ಎಂಥ ಬಿಗುಮಾನದ ಒಡೆಯರೂ ಕರಗುತ್ತಾರೆ. ಹೆಸರು ಗೊತ್ತಾದರೆ ನಾಳೆಗೂ ಅನುಕೂಲ. “ಹಚಾ” ಎಂದರೆ ಕೇಳದ ಸಾಕುನಾಯಿ, ಅಪರಿಚಿತನೊಬ್ಬ ಮನೆಯವರ ಗತ್ತಿನಲ್ಲಿ “ಟೈಗರ್, ಸಾಕು” ಎಂದರೆ ಒಂದು ಕ್ಷಣ ಗಲಿಬಿಲಿಗೊಳ್ಳುತ್ತದೆ. ಆ ಕ್ಷಣ ಸಾಕು. ಕಾನೂನಿನ ಮಾತು ಎತ್ತಲೇಬೇಕಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ: ತನ್ನ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲ ಭೇಟಿಯಲ್ಲೇ ಇದನ್ನು ಬಿಚ್ಚುವುದು ನಾಳೆ ಅದೇ ರಸ್ತೆಯಲ್ಲಿ ಹೋಗಬೇಕಾದವನ ಲಕ್ಷಣವಲ್ಲ.

ಒಡೆಯರೇ ಇಲ್ಲದ ಒಡೆತನದ್ದು ಬೇರೆ ಕತೆ. ನಾಲ್ಕು ಮನೆಯಲ್ಲಿ ಅನ್ನ ತಿಂದು ಐದನೆಯ ಮನೆಯ ಜಗಲಿಯಲ್ಲಿ ಮಲಗುವ ನಾಯಿ, ಕಳ್ಳನನ್ನು ಓಡಿಸಿದ ದಿನ ಎಲ್ಲರದು; ಸೈಕಲ್‌ನವನ ಮೀನಖಂಡ ಹಿಡಿದ ದಿನ “ನಮ್ದಲ್ಲ ಅದು”. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಬೀದಿ ನಾಯಿಗೆ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಸಾಮಾನ್ಯವಾಗಿ ಹಿಡಿದ ಜಾಗದಲ್ಲೇ ಬಿಡಬೇಕು. ಕಿವಿಯ ತುದಿ ಕತ್ತರಿಸಿದ ಗುರುತಿದ್ದರೆ ಆ ಕೆಲಸ ಆಗಿದೆ ಎಂದರ್ಥ. ದಿನದ ದಾರಿಯಲ್ಲಿ ಯಾವ ನಾಯಿಗೆ ಗುರುತಿದೆ, ಯಾವುದಕ್ಕಿಲ್ಲ ಎಂದು ನೋಡಿಟ್ಟುಕೊಂಡು ಪಾಲಿಕೆಗೋ ಪಂಚಾಯಿತಿಗೋ ಬೀದಿಯ ಹೆಸರು ಸಮೇತ ಹೇಳಿದರೆ, “ನಾಯಿ ಕಾಟ ಜಾಸ್ತಿಯಾಗಿದೆ” ಎಂಬ ಮೊಗಮ್ಮಾದ ದೂರಿಗಿಂತ ಹೆಚ್ಚು ಕೆಲಸವಾಗುತ್ತದೆ. ಆದರೆ ಗುರುತಿರುವ ನಾಯಿಯೂ ಅಟ್ಟುತ್ತದೆ. ಮರಿ ಹಾಕುವುದಿಲ್ಲ ಅಷ್ಟೇ.

ಹಲ್ಲು ತಾಗಿಯೇಬಿಟ್ಟರೆ ಮೊದಲು ಬಟ್ಟೆ ಸರಿಸಿ ಚರ್ಮ ನೋಡಿ. ಸೈಕಲ್ ಪ್ಯಾಂಟು ಹರಿಯದೆಯೂ ಒಳಗೆ ಗೀರು ಬಿದ್ದಿರಬಹುದು, ರಕ್ತ ಬಾರದ ಗೀರೂ ಲೆಕ್ಕಕ್ಕೆ ಬರುತ್ತದೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಪೂರ್ತಿ ಹದಿನೈದು ನಿಮಿಷ ತೊಳೆಯಬೇಕು. ಅದಕ್ಕೆ ಬಾಟಲಿ ನೀರು ಸಾಲದು. ಪೆಟ್ರೋಲ್ ಬಂಕು, ದೇವಸ್ಥಾನದ ನಲ್ಲಿ, ಹೊಲದ ಪಂಪ್‌ಸೆಟ್ ಹುಡುಕಬೇಕು. ಸೀಟಿನಡಿಯ ಚೀಲದಲ್ಲಿ ಪಂಕ್ಚರ್ ಸಾಮಾನಿನ ಜೊತೆ ಕಾಗದದ ಸೋಪಿನ ಪುಟ್ಟ ಡಬ್ಬಿ ಇಟ್ಟರೆ ತೂಕವೇನೂ ಆಗದು. ಅರಿಸಿನ, ಸುಣ್ಣ, ಕಾಫಿಪುಡಿ ಹಿಡಿದು ಓಡಿಬರುವ ಹಿತೈಷಿಗಳಿಗೆ ಕೈಮುಗಿದು ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಯಾದರೆ 0, 3, 7, 28ನೇ ದಿನ (0 ಎಂದರೆ ಮೊದಲ ಚುಚ್ಚುಮದ್ದಿನ ದಿನ). ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು. ರಕ್ತ ಬಂದಿದ್ದರೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೂಡ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಬದುಕುವವರು ಇಲ್ಲವೆಂಬಷ್ಟು ಕಡಿಮೆ, ಹಾಗಾಗಿ “ನಮ್ ನಾಯಿಗೆ ಇಂಜೆಕ್ಷನ್ ಆಗಿದೆ” ಎಂಬ ಭರವಸೆಯ ಮೇಲೆ ಮನೆಗೆ ಹೋಗುವಂತಿಲ್ಲ. ಕಾರ್ಡು ತೋರಿಸಿದರೆ ಫೋಟೋ ತೆಗೆದು ವೈದ್ಯರಿಗೆ ತೋರಿಸಿ.

ಹೊರಡುವ ಮುಂಚೆ ಒಡೆಯರ ಫೋನ್ ನಂಬರ್ ಮರೆಯದೆ ಪಡೆಯಿರಿ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು. ಲಸಿಕೆ ನಿಲ್ಲಿಸಿಕೊಂಡು ಕಾಯುವುದಲ್ಲ, ಲಸಿಕೆ ನಡೆಯುತ್ತಿರುವಾಗಲೇ. ಹಾಗಾಗಿ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ದಿನಾ ಬೆಳಿಗ್ಗೆ ಫೋನ್ ಮಾಡಿ, “ಟೈಗರ್ ಹುಷಾರಾಗಿದ್ದಾನಾ, ತಿಂಡಿ ತಿಂದನಾ, ನೀರು ಕುಡಿದನಾ?” ಎಂದು ವಿಚಾರಿಸಿಕೊಳ್ಳುವ ಸರದಿ ಕಚ್ಚಿಸಿಕೊಂಡವರದ್ದು. ಆ ಕಡೆಯಿಂದ ಬರುವ ಉತ್ತರ ತುಂಬ ವಿವರವಾಗಿಯೇ ಇರುತ್ತದೆ.