ಮೊದಲ ಇನ್‌ಸೈಟ್ ಕಲಿಸಿದ ಪಾಠದಲ್ಲಿ ಅರ್ಧ ಮರೆತೇ ಹೋಯ್ತು

ಪೆಟ್ರೋಲ್ ಇಂಜಿನ್ ಜೊತೆ ಕರೆಂಟ್ ಮೋಟರೂ ಇರೋ ಹೈಬ್ರಿಡ್ ಕಾರು ಅಂದ ತಕ್ಷಣ ಎಲ್ರ ಬಾಯಲ್ಲೂ ಬರೋದು ಟೊಯೊಟಾ ಪ್ರಿಯಸ್. ಬರ್ಬೇಕಾದ್ದೇ, 1997ರ ಡಿಸೆಂಬರ್‌ನಲ್ಲಿ ಜಪಾನಲ್ಲಿ ಅದು ಮಾರಾಟಕ್ಕೆ ಬಂದ್ಮೇಲೇ ಈ ಕಥೆ ಶುರುವಾಗಿದ್ದು. ಆದ್ರೆ ನನ್ನ ಮನಸ್ಸು ಇವತ್ತಿಗೂ ನಿಂತಿರೋದು ಹೋಂಡಾದ ಮೊದಲ ಇನ್‌ಸೈಟ್ ಹತ್ರ. 1999ರಲ್ಲಿ ಬಂದ, ಎರಡೇ ಸೀಟಿನ, ಹಿಂದಿನ ಚಕ್ರ ಅರ್ಧ ಮುಚ್ಚಿರೋ ಆ ಪುಟ್ಟ ಕಾರು. ಈ ಕಾಲದ ಹೈಬ್ರಿಡ್‌ಗಳಲ್ಲಿ ಅಮೆರಿಕದಲ್ಲಿ ಮೊದಲು ಮಾರಾಟವಾಗಿದ್ದು ಅದೇ, ಪ್ರಿಯಸ್ ಅಲ್ಲಿಗೆ ಹೋಗಿದ್ದು 2000ದಲ್ಲಿ.

ಅಲ್ಲಿನ ಸರ್ಕಾರಿ ಟೆಸ್ಟಲ್ಲಿ ಅದು ಹೈವೇ ಮೇಲೆ ಗ್ಯಾಲನ್‌ಗೆ 70 ಮೈಲಿ ಕೊಡ್ತು, ಅಂದ್ರೆ ಲೀಟರಿಗೆ ಹತ್ರ ಹತ್ರ 30 ಕಿಲೋಮೀಟರ್. ಇದೆಲ್ಲ ಬ್ಯಾಟರಿ ಮಹಿಮೆ ಅಂದ್ಕೋತಾರೆ ಜನ. ಅಲ್ವೇ ಅಲ್ಲ. ಅದರ ಮೋಟರ್ ಬರೀ 10 ಕಿಲೋವ್ಯಾಟ್, ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ಮಧ್ಯೆ ತಟ್ಟೆ ಥರ ತೆಳ್ಳಗೆ ಕೂತಿತ್ತು, ಬರೀ ಕರೆಂಟಲ್ಲಿ ಕಾರು ಓಡಿಸೋಕೆ ಅದರ ಕೈಲಿ ಆಗ್ತಿರ್ಲಿಲ್ಲ. ಏರು ಹತ್ತುವಾಗ ಇಂಜಿನ್‌ಗೆ ಹೆಗಲು ಕೊಡೋದು, ಬ್ರೇಕ್ ಒತ್ತಿದಾಗ ಸುಮ್ನೆ ಬಿಸಿಯಾಗಿ ಹೋಗೋ ಶಕ್ತಿನ ಬ್ಯಾಟರಿಗೆ ತುಂಬೋದು, ನ್ಯೂಟ್ರಲಲ್ಲಿ ನಿಂತಾಗ ಆಫ್ ಆಗಿರೋ ಇಂಜಿನ್‌ನ ಗೇರ್ ಹಾಕಿದ ಕೂಡ್ಲೇ ಎಬ್ಸೋದು, ಅಷ್ಟೇ. ಆ ಸಹಾಯ ಇದ್ದಿದ್ರಿಂದ 3 ಸಿಲಿಂಡರಿನ 1 ಲೀಟರ್ ಇಂಜಿನ್ನೇ ಸಾಕಾಯ್ತು.

ಉಳಿದ ಕೆಲಸ ಮಾಡಿದ್ದು ತೂಕ ಮತ್ತೆ ಗಾಳಿ. ಬಾಡಿ ಅಲ್ಯುಮಿನಿಯಂ, ಇಡೀ ಕಾರು 850 ಕೆಜಿ ಆಸುಪಾಸು, ಡ್ರ್ಯಾಗ್ (ಗಾಳಿ ಕಾರನ್ನ ಎಷ್ಟು ತಡೆಯತ್ತೆ ಅನ್ನೋ ಅಳತೆ, ಕಮ್ಮಿ ಇದ್ದಷ್ಟೂ ಒಳ್ಳೇದು) 0.25. ಹಿಂದಿನ ಚಕ್ರ ಮುಚ್ಚಿದ್ದು ಶೋಕಿಗಲ್ಲ, ಅಲ್ಲಿ ಗಾಳಿ ಸುಳಿ ಸುತ್ತಿ ಕಾರನ್ನ ಹಿಂದಕ್ಕೆ ಎಳೀಬಾರ್ದು ಅಂತ.

ಮಾರಾಟ ಆಗಿದ್ದು 2006ರವರೆಗೆ ಸೇರಿಸಿ ಸುಮಾರು 17,000. ಮಕ್ಕಳಿರೋರು ಎರಡು ಸೀಟಿನ ಕಾರು ಯಾಕೆ ತಗೋತಾರೆ, ಪ್ರಿಯಸ್ ಗೆದ್ದಿದ್ದು ನ್ಯಾಯವಾಗೇ.

ಈಗ ನಂಗೆ ಬೇಜಾರಾಗೋ ವಿಷಯಕ್ಕೆ ಬರ್ತೀನಿ. ಟೆಸ್ಟ್ ಬಿಗಿ ಮಾಡಿದ್ಮೇಲೆ ಅದೇ ಹಳೇ ಇನ್‌ಸೈಟ್‌ನ ಸಿಟಿ ಹೈವೇ ಸೇರಿದ ಅಂಕಿ 53 ಮೈಲಿಗೆ ಇಳೀತು. 2023ರ ಪ್ರಿಯಸ್ 57 ಕೊಡತ್ತೆ, ಅದೂ 5 ಸೀಟು ಇಟ್ಕೊಂಡು, 1,400 ಕೆಜಿ ತೂಕ ಹೊತ್ಕೊಂಡು! ಹಾಗಿದ್ರೆ ಇವತ್ತಿನ ಇಂಜಿನ್ನು, ಇವತ್ತಿನ ಬ್ಯಾಟರಿ, ಇವತ್ತಿನ ಮೋಟರ್‌ನ ಅವತ್ತಿನ ಆ ಹಗುರ ಮೈಗೆ ಕೂರಿಸಿದ್ರೆ ಎಲ್ಲಿಗೆ ಹೋಗ್ಬಹುದಿತ್ತು ಯೋಚ್ನೆ ಮಾಡಿ. ಅದು ಬಿಟ್ಟು ಎರಡು ಟನ್ ಎಸ್‌ಯುವಿಗೆ ಹೈಬ್ರಿಡ್ ಬ್ಯಾಡ್ಜ್ ಅಂಟಿಸ್ತಾರೆ, ಅಷ್ಟು ಭಾರನ ಪ್ರತಿ ಸಿಗ್ನಲಲ್ಲೂ ನಿಲ್ಲಿಸಿ ಮತ್ತೆ ಎಳೀಬೇಕಲ್ಲ, ಬ್ರೇಕಲ್ಲಿ ವಾಪಸ್ ಸಿಗೋದು ಒಂದು ಪಾಲು ಮಾತ್ರ.

ಏರ್‌ಬ್ಯಾಗು, ಕ್ರ್ಯಾಶ್ ಟೆಸ್ಟು ಅಂತ ತೂಕ ಏರಿದೆ, ಅದು ಬೇಕೇ ಬೇಕು, ಅಲ್ಯುಮಿನಿಯಂ ದುಬಾರಿ ಅನ್ನೋದೂ ನಿಜ. ಆದ್ರೂ ನಾಲ್ಕು ಸೀಟು, ಒಂದು ಟನ್ನು, ತಗ್ಗಾದ ರೂಫು, ಇಷ್ಟಿರೋ ಹೈಬ್ರಿಡ್ ಒಂದು ಯಾರಾದ್ರೂ ಮಾಡ್ಲಿ. ಮುಂದೆ ಪೂರ್ತಿ ಎಲೆಕ್ಟ್ರಿಕ್ಕೇ ಆಗ್ಲಿ, ಕಾರು ಹಗುರ ಇದ್ರೆ ಚಿಕ್ಕ ಬ್ಯಾಟರಿಲೇ ಅಷ್ಟೇ ದೂರ ಹೋಗತ್ತೆ.